ಎರಡು ದಿನದ ಪ್ರವಾಸದಲ್ಲಿ ಯಾರಿಗೆ ಬಿಡುವು?

ಬೆಂಗಳೂರಿನ ಮನೆಯೊಂದರಲ್ಲಿ ‘ಈ ಶನಿವಾರ, ಭಾನುವಾರ ಎಲ್ಲಾದರೂ ಹೋಗಿಬರೋಣ’ ಎಂಬ ಮಾತು ಬಂದರೆ ಮೊದಲು ಊರಿನ ಹೆಸರುಗಳು ಹೊರಡುತ್ತವೆ. ಚಿಕ್ಕಮಗಳೂರೋ, ಸಕಲೇಶಪುರವೋ, ಮಡಿಕೇರಿಯೋ? ಅಲ್ಲಿಂದ ಮಾತು ಹೋಂಸ್ಟೇ ಬಾಡಿಗೆಗೆ, ಗಾಡಿಗೆ, ಬೆಳಗ್ಗೆ ಎಷ್ಟು ಗಂಟೆಗೆ ಬಿಡಬೇಕೆಂಬುದಕ್ಕೆ ಹೋಗುತ್ತದೆ. ಯಾರಿಗಾಗಿ ಹೋಗುತ್ತಿದ್ದೇವೆ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗಾಗಿ ಅಲ್ಲವೇ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ಇಷ್ಟು ಚಿಕ್ಕ ಪ್ರವಾಸದ ಯೋಜನೆ ಊರಿನಿಂದ ಶುರುವಾಗಬಾರದು, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವರಿಂದ ಶುರುವಾಗಬೇಕು ಎಂಬುದು ನನ್ನ ವಾದ.

ದೂರದ ಲೆಕ್ಕವನ್ನೇ ಮೊದಲು ನೋಡೋಣ. ಬೆಂಗಳೂರಿನಿಂದ ಚಿಕ್ಕಮಗಳೂರು ಸುಮಾರು 245 ಕಿ.ಮೀ. ಶನಿವಾರ ಬೆಳಗ್ಗೆ ಗೊರಗುಂಟೆಪಾಳ್ಯ, ನೆಲಮಂಗಲ ದಾಟುವುದೇ ಒಂದು ಪ್ರಯಾಣ. ತಿಂಡಿಗೆ ನಿಲ್ಲಿಸಿ, ಮಗುವಿಗೆ ವಾಂತಿಯಾಯಿತೆಂದು ನಿಲ್ಲಿಸಿ ಊರು ಮುಟ್ಟುವಾಗ ಮಧ್ಯಾಹ್ನ. ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಗಾಡಿಯ ಹಿಂದೆ ಗಾಡಿ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ಹೊರಡಬೇಕು. ನಲವತ್ತೆಂಟು ಗಂಟೆಯಲ್ಲಿ ಹನ್ನೆರಡು ರಸ್ತೆಗೆ, ಹದಿನಾರು ನಿದ್ದೆಗೆ ಹೋದರೆ ಉಳಿದದ್ದರಲ್ಲಿ ಊಟ, ಸ್ನಾನ, ಚೀಲ ಕಟ್ಟುವುದು, ಬಿಚ್ಚುವುದು. ಜೋಗದ ಜಲಪಾತ ಬೆಂಗಳೂರಿನಿಂದ 400 ಕಿ.ಮೀ. ಆಸುಪಾಸಿನಲ್ಲಿದೆ, ಅದನ್ನೂ ಎರಡು ದಿನಕ್ಕೆ ತುರುಕುವವರಿದ್ದಾರೆ. ದೂರದ ಊರುಗಳ ಮೇಲೆ ನನಗೇನೂ ಕೋಪವಿಲ್ಲ. ಅವುಗಳಿಗೆ ನಾಲ್ಕು ದಿನ ಕೊಡಬೇಕು ಎನ್ನುತ್ತೇನೆ ಅಷ್ಟೆ.

ರಸ್ತೆಯ ಗಂಟೆಗಳಾದರೂ ಕಣ್ಣಿಗೆ ಕಾಣುತ್ತವೆ. ಶುಕ್ರವಾರ ರಾತ್ರಿಯ ಗಂಟೆಗಳು ಯಾರ ಲೆಕ್ಕದಲ್ಲೂ ಇಲ್ಲ. ದಾರಿಗೆ ಚಪಾತಿ, ಚಟ್ನಿಪುಡಿ, ಮೊಸರನ್ನ. ಮಾವನವರ ಬಿ.ಪಿ. ಮಾತ್ರೆ, ಮಗುವಿನ ಜ್ವರದ ಔಷಧ, ಎಲ್ಲರ ಸ್ವೆಟರು. ಹಾಲಿನವನಿಗೆ ಎರಡು ದಿನ ಬೇಡ ಎಂದು ಹೇಳಬೇಕು, ಫ್ರಿಜ್ಜಿನಲ್ಲಿ ಉಳಿದ ಸಾರು ಖಾಲಿ ಮಾಡಬೇಕು, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಕೀಲಿ ಕೊಡಬೇಕು. ರಾತ್ರಿ ಹನ್ನೊಂದೂವರೆಗೆ ಗ್ಯಾಸ್ ಕಟ್ಟೆ ಒರೆಸುತ್ತಿರುವ ಹೆಂಗಸೇ ಬೆಳಗ್ಗೆ ನಾಲ್ಕಕ್ಕೆ ಎದ್ದು ಎಲ್ಲರನ್ನೂ ಎಬ್ಬಿಸಬೇಕು. ಆಕೆ ಗಾಡಿಯಲ್ಲಿ ತೂಕಡಿಸಿದರೆ ‘ಎಂಥ ಸೀನರಿ ನೋಡು, ನೀನು ಮಲಗಿಬಿಟ್ಟೆ’ ಎಂದು ಪ್ರೀತಿಯಿಂದಲೇ ಗದರುತ್ತಾರೆ.

‘ಯೋಜನೆ ಎಂದರೆ ಅದೂ ಆಫೀಸಿನ ಹಾಗೆ, ಸುಮ್ಮನೆ ಹೊರಟುಬಿಡುವುದರಲ್ಲೇ ಮಜಾ’ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಗಂಟೆಗೊಂದು ಜಾಗ ಎಂದು ಪಟ್ಟಿ ಹಿಡಿದು ಓಡುವ ಪ್ರವಾಸ ಶಿಕ್ಷೆಯೇ. ಆದರೆ ಸುಮ್ಮನೆ ಹೊರಟುಬಿಡಲು ಸಾಧ್ಯವಾಗುವುದು ಯಾರಿಗೆ? ಜೇಬಿನಲ್ಲಿ ಫೋನು, ಪರ್ಸು ಇದ್ದರೆ ಸಾಕೆನ್ನುವವರಿಗೆ. ಸಂಸಾರವೊಂದು ಹಾಗೆ ಹೊರಟಿದೆ ಎಂದರೆ ಅದರ ಯೋಜನೆಯನ್ನು ಇನ್ಯಾರೋ ಬಾಯಿಬಿಡದೆ ಮಾಡಿ ಮುಗಿಸಿದ್ದಾರೆ ಎಂದೇ ಅರ್ಥ. ಅದನ್ನು ಬಾಯಿಬಿಟ್ಟು, ಎಲ್ಲರೂ ಕೂತು ಮಾಡಿದರೆ ಕೆಲಸ ಹಂಚಿಕೆಯಾಗುತ್ತದೆ.

ನಮ್ಮ ಅಜ್ಜಿಯರ ಕಾಲದಲ್ಲಿ ಹೆಂಗಸಿಗಿದ್ದ ಬಿಡುವೆಂದರೆ ತವರು. ಅಲ್ಲಿ ಬಡಿಸುವವರು ಬೇರೆ ಇರುತ್ತಿದ್ದರು, ಬಾಣಂತನಕ್ಕೋ ಹಬ್ಬಕ್ಕೋ ಹೋದರೆ ನಾಲ್ಕು ದಿನ ಒಲೆಯಿಂದ ದೂರ ಕೂರಬಹುದಿತ್ತು. ಇವತ್ತು ಎಷ್ಟೋ ಜನರ ತವರು ಅದೇ ಬೆಂಗಳೂರಿನ ಇನ್ನೊಂದು ಬಡಾವಣೆಯಲ್ಲಿದೆ. ಅಲ್ಲಿಯೂ ವಯಸ್ಸಾದ ತಾಯಿಗೆ ಇವಳೇ ಅಡುಗೆ ಮಾಡಿಕೊಡಬೇಕು. ಹೀಗಿರುವಾಗ ವಾರಾಂತ್ಯದ ಪ್ರವಾಸ ಆ ಜಾಗವನ್ನಾದರೂ ತುಂಬಬೇಕಲ್ಲವೇ? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಐಷಾರಾಮಿ ಬಸ್ಸುಗಳನ್ನು ಬಿಟ್ಟು ಉಳಿದ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರ ಓಡಾಟ ಉಚಿತವಾದಾಗ ಧರ್ಮಸ್ಥಳ, ಕುಕ್ಕೆಯ ಬಸ್ಸುಗಳು ಹೇಗೆ ತುಂಬಿದವು ಎಂಬುದನ್ನು ಕಂಡಿದ್ದೇವೆ. ಅದನ್ನು ಆಡಿಕೊಂಡವರೂ ಇದ್ದರು. ನನಗೆ ಅದರಲ್ಲಿ ಕಂಡದ್ದು ಬೇರೆ: ಆ ಹೆಂಗಸರಿಗೆ ಹೋಗಬೇಕಾದ ಜಾಗಗಳು ಮೊದಲಿನಿಂದಲೂ ಮನಸ್ಸಿನಲ್ಲಿದ್ದವು. ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಕೇಳಿದರೆ ಉತ್ತರ ಹೆಚ್ಚಾಗಿ ಹತ್ತಿರದ ಊರೇ ಆಗಿರುತ್ತದೆ. ಮೈಸೂರಿನಲ್ಲಿ ಒಂದು ರಾತ್ರಿ ಉಳಿಯುವ ಪ್ರವಾಸವನ್ನು ತೆಗೆದುಕೊಳ್ಳಿ. ‘ಅಯ್ಯೋ, ಮೈಸೂರೇ?’ ಎಂದು ಮುಖ ಸಿಂಡರಿಸುವವರು ಸೋಮನಾಥಪುರದಲ್ಲಿ ಅರ್ಧ ದಿನ ಕೂತು ನೋಡಿರುವುದಿಲ್ಲ. ಮೈಸೂರಿನಿಂದ ಅದು 35 ಕಿ.ಮೀ. ಅಷ್ಟೇ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ; ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಪೂಜೆ ನಡೆಯದ ಗುಡಿಯಾದ್ದರಿಂದ ದರ್ಶನದ ಸಾಲಿಲ್ಲ, ನೂಕುನುಗ್ಗಲಿಲ್ಲ. ಜಗತಿಯ ಮೇಲೆ ಹತ್ತಿ ಸುತ್ತು ಹಾಕಿದರೆ ಗೋಡೆಯ ಕೆಳಗಿನ ಪಟ್ಟಿಕೆಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು. ಆನೆಗಳು ಇರುವುದು ಮಕ್ಕಳ ಕೈಗೆಟಕುವ ಎತ್ತರದಲ್ಲಿ. ಒಂದರಂತೆ ಇನ್ನೊಂದಿಲ್ಲ ಎಂದು ಹೇಳಿಬಿಟ್ಟರೆ ಸಾಕು, ಹುಡುಕುತ್ತಾ ಸುತ್ತುತ್ತಾರೆ. ಕೆಲವು ವಿಗ್ರಹಗಳ ಕೆಳಗೆ ಮಲ್ಲಿತಮ್ಮನಂಥ ಶಿಲ್ಪಿಗಳ ಹೆಸರು ಹಳಗನ್ನಡ ಲಿಪಿಯಲ್ಲಿದೆ. ಅಜ್ಜಿಗೆ ಮಂಡಿನೋವಿದ್ದರೆ ಪ್ರಾಕಾರದ ಕೈಸಾಲೆಯ ನೆರಳಿನಲ್ಲಿ ಕೂತು ಇಡೀ ಗುಡಿಯನ್ನು ನೋಡಬಹುದು. ಮುಳ್ಳಯ್ಯನಗಿರಿಯಲ್ಲಾದರೆ ಅವರು ಗಾಡಿಯಲ್ಲೇ ಕೂತು ಚೀಲ ಕಾಯಬೇಕು.

ಮಕ್ಕಳಿಗೆ ನೀರು ಬೇಕು, ಆಟ ಬೇಕು. ಆ ಬೇಡಿಕೆಯೂ ನ್ಯಾಯವಾದದ್ದೇ. ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೆ ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿರುವ ಮೊಸಳೆ ಕೆಲವೇ ಮಾರು ದೂರದಲ್ಲಿ ಕಾಣುತ್ತದೆ. ಸಲೀಂ ಅಲಿಯವರು ಹೇಳಿದ್ದರಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಅಲ್ಲಿ ಅಜ್ಜಿ, ಮೊಮ್ಮಗು ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಒಂದೇ ಕೊಕ್ಕರೆಯನ್ನು ನೋಡುತ್ತಾರೆ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಕಾಯುವ ಶಿಕ್ಷೆಯಾಗದಂಥ ಜಾಗ ಹುಡುಕುವುದೇ ಸಂಸಾರದ ಪ್ರವಾಸದ ಕಷ್ಟದ ಕೆಲಸ. ದಿನಕ್ಕೆ ಅಂಥದ್ದೊಂದು ಸಿಕ್ಕರೆ ಸಾಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬೆಳಗ್ಗೆಯಿಂದ ನೀರೇ ಕುಡಿಯದೆ ಪ್ರಯಾಣ ಮಾಡುವ ಹೆಂಗಸರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಸಕ್ಕರೆ ಕಾಯಿಲೆಯವರಿಗೆ ಇದು ಅಪಾಯವೂ ಹೌದು. ಎಲ್ಲಿ ಇಡ್ಲಿ ಚೆನ್ನಾಗಿದೆ ಎಂದು ಗಂಟೆಗಟ್ಟಲೆ ಚರ್ಚಿಸುವ ನಾವು, ಚೊಕ್ಕ ಶೌಚಾಲಯವಿರುವ ಹೋಟೆಲ್ ಎಲ್ಲಿದೆ ಎಂದು ಮೊದಲೇ ವಿಚಾರಿಸಿ, ಎರಡು ಗಂಟೆಗೊಮ್ಮೆ ಅಲ್ಲಿ ನಿಲ್ಲಿಸುವುದನ್ನು ಯೋಜನೆಯಲ್ಲಿ ಸೇರಿಸಿದರೆ ಅರ್ಧ ದಣಿವು ಅಲ್ಲೇ ಕಳೆಯುತ್ತದೆ.

ವಾಪಸಿನ ಹೊತ್ತನ್ನೂ ಹೊರಡುವ ಮೊದಲೇ ಗೊತ್ತುಮಾಡಬೇಕು. ಭಾನುವಾರ ಸಂಜೆ ಬೆಂಗಳೂರಿನ ಕಡೆಗೆ ಬರುವ ಯಾವ ಹೆದ್ದಾರಿಯೂ ಬಿಡುವಾಗಿರುವುದಿಲ್ಲ. ಮೈಸೂರಿನಿಂದ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನಕ್ಕೆ ಮನೆ. ಆಮೇಲೆ ಒಗೆಯುವ ಬಟ್ಟೆ ಯಾರು ತೆಗೆಯುತ್ತಾರೆ, ಸೋಮವಾರದ ಯೂನಿಫಾರಂಗೆ ಇಸ್ತ್ರಿ ಯಾರು ಹಾಕುತ್ತಾರೆ, ರಾತ್ರಿಯ ಅನ್ನ-ಸಾರು ಯಾರದು ಎಂಬುದನ್ನು ಲಾಡ್ಜು ಗೊತ್ತುಮಾಡುವ ದಿನವೇ ಹಂಚಿಕೊಳ್ಳಬೇಕು. ಅದರಲ್ಲಿ ಒಂದಾದರೂ ಗಾಡಿ ಓಡಿಸಿ ದಣಿದವನ ಪಾಲಿಗೆ ಬರಲಿ, ಎರಡು ದಿನ ಅಡುಗೆಮನೆಯಿಂದ ಹೊರಗಿದ್ದವಳು ಮೂರನೆಯ ದಿನದವರೆಗೂ ಹೊರಗಿರಲಿ.