ಭಾಷಾಂತರಕ್ಕೆ ಬಗ್ಗದ ಪದ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ತೆಲುಗನ್ನಾಡಿ ತರಗತಿಯಲ್ಲಿ ಕನ್ನಡದಲ್ಲಿ ಕಲಿಯುವವರು. ಒಂದೇ ಸಂಗತಿಯನ್ನು ಎರಡು ನುಡಿಗಳಲ್ಲಿ ಹೇಳಬಹುದು, ಒಂದರಲ್ಲಿ ತೊಡಕಾದುದು ಮತ್ತೊಂದರಲ್ಲಿ ಸರಳವಾದೀತು ಎಂಬ ಅರಿವು ಅವರಿಗೆ ಎಳವೆಯಲ್ಲಿಯೇ ಬಂದಿರುತ್ತದೆ. ಉನ್ನತ ಗಣಿತದ ಒಂದು ಗಹನವಾದ ವಿಚಾರವು ಈ ಅರಿವಿನ ಮೇಲೆಯೇ ನಿಂತಿದೆ. ಆದರೂ ಅಂತಹ ಗಣಿತ ಕನ್ನಡ ಮಾಧ್ಯಮದ ಮಗುವಿಗೆ ಎಟುಕದೆಂಬ ನಂಬಿಕೆ ಉಪಾಧ್ಯಾಯ ವರ್ಗದಲ್ಲಿಯೂ ಬೇರೂರಿರುವುದು ವಿಷಾದಕರ. ಈ ನಂಬಿಕೆ ನಿರಾಧಾರವಾದುದು.

ಸಮತಲದ ಬಿಂದುಗಳನ್ನು ಒಂದು ನಿಯಮವು ಸ್ಥಳಾಂತರಿಸುತ್ತಿದ್ದು, ಒಂದು ಬಿಂದು ಮಾತ್ರ ಕದಲದೆ ಉಳಿದರೆ ಅದು ಸ್ಥಿರಬಿಂದು. ಅದರ ಸಮೀಪದಲ್ಲಿ ಎರಡು ದಿಕ್ಕುಗಳ ಹಿಗ್ಗುಕುಗ್ಗಿನ ಪ್ರಮಾಣ ಯಾವುದೂ 1 ಆಗದಿದ್ದರೆ ಅದನ್ನು ಅತಿಪರವಲಯಿಕ ಸ್ಥಿರಬಿಂದುವೆನ್ನುವರು. ನಿರ್ದೇಶಾಂಕಗಳನ್ನು ನಯವಾಗಿ ಬದಲಿಸಿ ಆ ನಿಯಮವನ್ನು ಬರಿಯ ಗುಣಾಕಾರವಾಗಿಸಬಹುದೇ ಎಂಬುದೇ ಪ್ರಶ್ನೆ.

ಮೊದಲ ಸಂಖ್ಯೆ ಇಮ್ಮಡಿಯಾಗಲಿ; ಎರಡನೆಯದು ಐದು ಮಡಿಯಾಗಿ, ಮೊದಲನೆಯದರ ಹಿಂದಿನ ಬೆಲೆಯ ವರ್ಗವೂ ಅದಕ್ಕೆ ಸೇರಲಿ. 1, 1 ಎಂಬ ಜೋಡಿ 2, 6 ಆಗಿ, ಬಳಿಕ 4, 34 ಆಗುತ್ತದೆ. ಪ್ರತಿ ಜೋಡಿಯಲ್ಲಿಯೂ ಎರಡನೆಯ ಸಂಖ್ಯೆಗೆ ಮೊದಲನೆಯದರ ವರ್ಗವನ್ನು ಕೂಡಿಸಿ ಅದನ್ನೇ ಹೊಸ ನಿರ್ದೇಶಾಂಕವೆಂದರೆ 2, 10, 50! ತೊಡಕು ಮಾಯವಾಯಿತು. ಹತ್ತನೆಯ ತರಗತಿಯ ಬೀಜಗಣಿತಕ್ಕಿಂತ ಹೆಚ್ಚಿನದೇನೂ ಇಲ್ಲಿಲ್ಲ.

ಐದರ ಬದಲು ನಾಲ್ಕನ್ನಿಟ್ಟರೆ ಜೋಡಿಗಳು 1, 1, 2, 5, 4, 24. ಈಗ ವರ್ಗವನ್ನು ಯಾವ ಗುಣಕದಿಂದ ಗುಣಿಸಿ ಕೂಡಿಸಿದರೂ ಒಂದು ವರ್ಗಪದ ಮಿಕ್ಕೇ ಮಿಗುತ್ತದೆ. ನಾಲ್ಕು ಎರಡರ ವರ್ಗವಾಗಿರುವುದೇ ಇದಕ್ಕೆ ಕಾರಣ. ಇದಕ್ಕೆ ಅನುರಣನವೆಂದು ಹೆಸರು. ಹಾಗೆ ಉಳಿದ ಪದದೊಡನೆ ದೊರೆಯುವ ಸರಳತಮ ನಿಯಮವೇ ಪ್ರಮಾಣರೂಪ. 1879ರ ಪ್ರಬಂಧದಲ್ಲಿ ಪ್ವಾಂಕರೆ ಅವಕಲ ಸಮೀಕರಣಗಳಿಗಾಗಿ ಈ ವಿಚಾರವನ್ನೆತ್ತಿದನು. ಅನುರಣನವಿಲ್ಲದೆಡೆ ನಯವಾದ ಪರಿವರ್ತನೆ ಸದಾ ಸಾಧ್ಯವೆಂದು 1950ರ ದಶಕದ ಉತ್ತರಾರ್ಧದಲ್ಲಿ ಸ್ಟರ್ನ್‌ಬರ್ಗ್ ಸಾಧಿಸಿದನು. ಅನುರಣನವಿದ್ದರೂ, ನಯವನ್ನು ಬಿಟ್ಟು ಅವಿಚ್ಛಿನ್ನತೆಯಷ್ಟಕ್ಕೇ ತೃಪ್ತರಾದರೆ ಪರಿವರ್ತನೆ ದೊರೆಯುವುದೆಂದು ಗ್ರೋಬ್‌ಮನ್ ಮತ್ತು ಹಾರ್ಟ್‌ಮನ್ 1960ರ ಸುಮಾರಿನಲ್ಲಿ ತೋರಿಸಿದರು.

1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ.ಜಿ.ಯವರು ರಾಜ್ಯಶಾಸ್ತ್ರಕ್ಕೆ ಕನ್ನಡದ ನುಡಿಯನ್ನು ಒಗ್ಗಿಸಿದರು. ಗಣಿತಕ್ಕೆ ಅದು ಒಗ್ಗದೆನ್ನುವುದು ನುಡಿಯ ದೋಷವಲ್ಲ, ಬಳಸುವವರ ಆಲಸ್ಯ. ಬಗೆಹರಿಯುವ ಲೆಕ್ಕಗಳನ್ನಷ್ಟೇ ಕಲಿಸಿ, ಬಗೆಹರಿಯದ ಲೆಕ್ಕವನ್ನು ಮಕ್ಕಳ ಕಣ್ಣಿಗೆ ಬೀಳಿಸದ ರೂಢಿ ಅದಕ್ಕಿಂತಲೂ ದೊಡ್ಡ ಕೇಡು. ಮೇಲಿನ ಎರಡು ಲೆಕ್ಕಗಳನ್ನು ಒಂದೇ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಿಸುವುದು ಯುಕ್ತ. ಪ್ರಯೋಗಾಲಯ ಬೇಡ, ಸೀಮೆಸುಣ್ಣ ಸಾಕು. ದಾನಿಗಳಿಗೆ ಇಷ್ಟು ಅಗ್ಗದ ಸೇವೆ ಮತ್ತೊಂದು ದೊರೆಯದು.

ಪದವಿಪೂರ್ವ ತರಗತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದುವರಿಯಬಹುದು. ಮೊದಲ ಸಂಖ್ಯೆಯ ವರ್ಗವನ್ನು ಅದರ 2 ಆಧಾರದ ಲಾಗರಿದಮ್‌ನಿಂದ ಗುಣಿಸಿ, ಆ ಗುಣಲಬ್ಧದ ಕಾಲುಭಾಗವನ್ನು ಎರಡನೆಯ ಸಂಖ್ಯೆಯಿಂದ ಕಳೆದರೆ 1, 4, 16 ದೊರೆಯುತ್ತದೆ. ಮೊಂಡು ಪದವೂ ಮಣಿದಂತಾಯಿತು. ಆದರೆ ಈ ಹೊಸ ನಿರ್ದೇಶಾಂಕವನ್ನು ಒಮ್ಮೆ ಅವಕಲಿಸಬಹುದೇ ಹೊರತು, ಎರಡನೆಯ ಅವಕಲನವು ಸೊನ್ನೆಯ ಬಳಿ ಮೇರೆಯಿಲ್ಲದೆ ಬೆಳೆಯುತ್ತದೆ. ಇದನ್ನು ಹೇಳಿಕೊಡದೆ ಮಕ್ಕಳೇ ಕಂಡುಕೊಳ್ಳುವಂತೆ ಬಿಡುವುದು ಲೇಸು. ಆ ಒಂದು ಪಾಠದ ಹೊತ್ತು ಪಠ್ಯಪುಸ್ತಕ ಮುಚ್ಚಿಯೇ ಇರಲಿ.