ಚಾವಡಿಯಲ್ಲಿ ಸಂಧಿಯ ಆಟ

ವ್ಯಾಕರಣವೆಂದೊಡನೆ ಮಕ್ಕಳ ಮುಖ ಬಾಡುವುದನ್ನು ಕಾಣದ ಉಪಾಧ್ಯಾಯರು ವಿರಳ. ನಾವೂ ಕಂಡವರೇ, ಆ ಬಾಡುವಿಕೆಗೆ ಕಾರಣರಾದವರೂ ಅಹುದು. ಸಂಸ್ಕೃತದ ಸೂತ್ರಗಳನ್ನು ಕಂಠಪಾಠ ಮಾಡಿ ಬೆಳೆದ ನಮಗೆ, ಮೊದಲು ಲಕ್ಷಣ, ಆ ಬಳಿಕ ಉದಾಹರಣೆ ಎಂಬ ಕ್ರಮವೇ ಸಹಜವೆಂದು ತೋರುತ್ತಿದ್ದಿತು.

ಒಮ್ಮೆ ನಾಲ್ಕನೆಯ ತರಗತಿಯಲ್ಲಿ ಸಪ್ತಮೀ ವಿಭಕ್ತಿಗೆ ಉದಾಹರಣೆ ಕೇಳಲು, ಬಾಲಕನೊಬ್ಬನು "ಇಲ್ಲಡ್" ಎಂದನು. ಉಳಿದ ಹುಡುಗರು ನಕ್ಕರು; ನಾವು ಗದರಿದೆವು. ಆ ವರ್ಷವೆಲ್ಲ ಅವನು ವ್ಯಾಕರಣದ ಗಂಟೆಯಲ್ಲಿ ಬಾಯಿ ತೆರೆಯಲಿಲ್ಲ. ಅವನು ಹೇಳಿದುದರಲ್ಲಿ ತಪ್ಪೇನಿದ್ದಿತು? ತುಳುವಿನ "ಇಲ್ಲಡ್" ಎಂದರೆ "ಮನೆಯಲ್ಲಿ". "ಇಲ್ಲಗ್" ಎಂದರೆ "ಮನೆಗೆ". ವಿಭಕ್ತಿಯ ಹೆಸರನ್ನು ಕೇಳುವ ಮೊದಲೇ ಅವನು ಅದನ್ನು ತಾಯಿಯ ಬಾಯಿಂದ ಕಲಿತು ಬಂದಿದ್ದನು. ಧರ್ಮಸ್ಥಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಮನೆಯಲ್ಲಿ ತುಳುವನ್ನಾಡುವ ಮಕ್ಕಳೇ ಬಹಳ. ಅವರಲ್ಲಿರುವುದನ್ನು ಅವರಿಗೆ ತೋರಿಸಿಕೊಡುವುದನ್ನು ಬಿಟ್ಟು, ಇಲ್ಲವೆಂದು ನಾಚಿಸಿದೆವು.

ಈಗ ನಿವೃತ್ತರಾದ ಮೇಲೆ ಸಂಜೆ ಚಾವಡಿಯಲ್ಲಿ ಮೊಮ್ಮಕ್ಕಳೊಡನೆ ನೆರೆಮನೆಯ ಮಕ್ಕಳೂ ಸೇರುತ್ತಾರೆ. ಅವರನ್ನೇ ಶಬ್ದಗಳನ್ನಾಗಿ ನಿಲ್ಲಿಸುವೆವು. ಒಬ್ಬನು "ಹೊಸ", ಇನ್ನೊಬ್ಬನು "ಅಂಗಡಿ". "ಹೊಸ"ನ ಕೈಹಿಡಿದು ಬಾಲದಂತೆ ನಿಂತ ಪುಟ್ಟವನು ಅಕಾರ. ಇಬ್ಬರೂ ಹತ್ತಿರ ಬರಲು ಅಕಾರನು ಓಡತಕ್ಕದ್ದು. ನಮ್ಮ ತಾಲೂಕಿನ ಹೊಸಂಗಡಿ ಸಿದ್ಧವಾಯಿತು! "ಮನೆ", "ಅಲ್ಲಿ" ಎಂಬವರು ಕೂಡಲಾರದೆ ನಿಂತಾಗ ಯಕಾರನು ಒಳಗಿನಿಂದ ಓಡಿಬಂದು ನಡುವೆ ನಿಲ್ಲುವನು. "ಮಳೆ", "ಕಾಲ" ಸೇರುವಾಗ ಕಕಾರನು ಮಣೆಯಿಂದೆದ್ದು, ಗಕಾರನು ಕುಳಿತು, ಮಳೆಗಾಲವಾಗುವುದು. ಓಡಿದವನು ಲೋಪ, ನಡುವೆ ಬಂದವನು ಆಗಮ, ಇನ್ನೊಬ್ಬನ ಮಣೆ ಹಿಡಿದವನು ಆದೇಶ ಎಂಬ ಹೆಸರುಗಳನ್ನು ಆಟ ಮುಗಿದ ಮೇಲೆಯೇ ಹೇಳುವೆವು. "ಮಂಜುನಾಥ", "ಈಶ್ವರ" ಎಂಬಲ್ಲಿ ಅಕಾರ ಈಕಾರರಿಬ್ಬರೂ ಹೋಗಿ ಏಕಾರನೊಬ್ಬನೇ ಬರಲು, ದಿನವೂ ಹೇಳುವ ದೇವರ ಹೆಸರಿನೊಳಗೆ ಗುಣಸಂಧಿಯನ್ನು ಕಂಡು ಮಕ್ಕಳು ಬೆರಗಾದರು.

ಆಟವಾಡಿದರೆ ಕಂಠಪಾಠ ಬೇಡವೆಂದಲ್ಲ. ವಿಭಕ್ತಿ ಪ್ರತ್ಯಯಗಳು ಬಾಯಿಗೆ ಬರಲೇಬೇಕು. ಆದರೆ ಬಹುಮಾನಕ್ಕೆಂದು ಮಿಠಾಯಿ ಹಂಚುವುದು ನಮಗೆ ಸಮ್ಮತವಲ್ಲ. ಮಿಠಾಯಿ ಮುಗಿದರೆ ಪಾಠವೂ ಮುಗಿಯುವುದು.

ಇದು ಶಾಸ್ತ್ರಕ್ಕೆ ಅಪಚಾರವೆಂದು ಪಂಡಿತ ಮಿತ್ರರೊಬ್ಬರು ಆಕ್ಷೇಪಿಸಿದರು. ಬಂಟವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ಅವರಿಗೆ ನೆನಪಿಸಿದೆವು. ಮಕ್ಕಳಿಗಾಗಿ ನಾಗರಹಾವಿನ ಹಾಡನ್ನು ಬರೆದ ಕೈಯೇ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಪರಿಷ್ಕರಿಸಿತಷ್ಟೆ. ಕೇಶಿರಾಜನಾದರೂ 13ನೆಯ ಶತಮಾನದಲ್ಲಿ ಸೂತ್ರಗಳನ್ನು ಕಂದಪದ್ಯಗಳಲ್ಲಿಯೇ ಕಟ್ಟಿದನು.

ಮೊನ್ನೆ ನೆರೆಮನೆಯ ಹುಡುಗಿಯೊಬ್ಬಳು, "ಅಜ್ಜಾ, ನೇತ್ರ, ವತಿ ಸೇರಿದರೆ ನೇತ್ರವತಿಯಾಗಬೇಕಲ್ಲವೇ? ನಮ್ಮ ಹೊಳೆಗೆ ಆಕಾರ ಎಲ್ಲಿಂದ ಬಂತು?" ಎಂದು ಕೇಳಿದಳು. ಕೂಡಲೇ ಉತ್ತರ ಹೊಳೆಯದೆ, ಪುಸ್ತಕ ತೆರೆದು, ಅಮರಾವತಿಯಂತಹ ಹೆಸರುಗಳಲ್ಲಿ "ವತಿ"ಗೆ ಮುಂಚಿನ ಸ್ವರವು ದೀರ್ಘವಾಗುವುದುಂಟೆಂದು ಮರುದಿನ ತಿಳಿಸಿದೆವು. ಅಂದಿನಿಂದ ಚಾವಡಿಯಲ್ಲಿ ಆಕಾರದ ವೇಷ ಅವಳದೇ.