ಅತಿಥಿ ಉಪನ್ಯಾಸಕರಿಗೆ ಸಂಬಳ ಏರಿದರೆ ಸಾಕೇ?

ಕಳೆದ ತಿಂಗಳು ಒಂದು ದಿನ ಮಗ್ರಿಬ್ ಕಳೆದು ನಾವು ಮದ್ರಸದ ಹಾಜರಿ ಪುಸ್ತಕ ಎತ್ತಿಡುತ್ತಿದ್ದೆವು. ಹಳೆಯ ವಿದ್ಯಾರ್ಥಿನಿಯೊಬ್ಬಳು ಉಮ್ಮನ ಜೊತೆ ಬಂದು ಬಾಗಿಲಲ್ಲಿ ನಿಂತಳು. ಏಳನೇ ತರಗತಿಯವರೆಗೆ ನಮ್ಮಲ್ಲೇ ಕಲಿತವಳು. ಈಗ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಒಂದು ಸರಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. "ಉಸ್ತಾದ್, ಮದ್ರಸದ ಪ್ರಿಂಟರಿನಲ್ಲಿ ಅರುವತ್ತು ಪುಟ ತೆಗೆಯಬಹುದಾ? ಕಾಗದ ನಾನೇ ತಂದಿದ್ದೇನೆ" ಅಂದಳು.

ಎಂತ ಅಂತ ಕೇಳಿದೆವು. ಅವಳ ಮಕ್ಕಳಿಗೆ ನೋಟ್ಸ್. ಹೊಸ ಪಠ್ಯಕ್ರಮ ಬಂದಿದೆ, ಅದಕ್ಕೆ ಸರಿಯಾದ ಕನ್ನಡ ಪುಸ್ತಕ ಇನ್ನೂ ಸಿಕ್ಕಿಲ್ಲ, ಪರೀಕ್ಷೆ ಮಾತ್ರ ಹತ್ತಿರ ಬಂದಿದೆ. ಹಾಗಾಗಿ ತಾನೇ ಕೂತು ಬರೆದಿದ್ದಾಳೆ. ಕಾಲೇಜಿನ ಪ್ರಿಂಟರ್ ಇಲ್ಲವಾ ಎಂದರೆ, "ಅದು ಆಫೀಸಿನದ್ದು ಉಸ್ತಾದ್, ಗೆಸ್ಟಿನವರಿಗೆ ಕೊಡುವುದಿಲ್ಲ" ಎಂದು ನಕ್ಕಳು. ಉಮ್ಮ ನಗಲಿಲ್ಲ. "ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ. ಸಂಬಳ ಬಂತಾ ಕೇಳಿದರೆ ಬರುತ್ತದೆ ಉಮ್ಮ ಅಂತಾಳೆ. ಮೂರು ತಿಂಗಳಾಯಿತು" ಎಂದರು.

ನಾವು ಓದಿದ್ದು ದರ್ಸ್ ಮತ್ತು ಪಿಯುಸಿ. ಪದವಿ ಕಾಲೇಜಿನ ಒಳಗಿನ ವಿಷಯ ನಮಗೆ ನೇರವಾಗಿ ಗೊತ್ತಿರಲಿಲ್ಲ. ಅವಳು ಹೇಳಿದ ಮೇಲೆ ಇನ್ನೂ ನಾಲ್ಕೈದು ಮಂದಿಯನ್ನು ಕೇಳಿದೆವು. ಕೇಳಿದ್ದನ್ನು ನಮ್ಮ ಮನೆಗಳ ಮುಂದೆ ಇಡಬೇಕು ಎಂದು ಅನಿಸಿತು. ಯಾಕೆಂದರೆ ಈ ಉಪನ್ಯಾಸಕರಲ್ಲಿ ನಮ್ಮ ಮಕ್ಕಳೂ ಇದ್ದಾರೆ, ಅವರ ಎದುರಿನ ಬೆಂಚಿನಲ್ಲಿ ಕೂತವರಲ್ಲೂ ನಮ್ಮ ಮಕ್ಕಳಿದ್ದಾರೆ.

ಕರ್ನಾಟಕದಲ್ಲಿ 430ಕ್ಕೂ ಹೆಚ್ಚು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಮೆರಿಟ್ ಪಟ್ಟಿ, ಕೌನ್ಸೆಲಿಂಗ್ ಆಗಬೇಕು. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಹದಿನೈದು ವರ್ಷ ಪಾಠ ಮಾಡಿದವರೂ ಮುಂದಿನ ವರ್ಷ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಹೆಸರಿನಲ್ಲಿ ಅತಿಥಿ ಎಂದಿದೆ. ನಮ್ಮ ಮನೆಗೆ ಅತಿಥಿ ಬಂದರೆ ಪತ್ತಿರ್, ಕೋಳಿ ಸಾರು ಆಗುತ್ತದೆ. ಕೆಲವು ಕಾಲೇಜುಗಳಲ್ಲಿ ಈ ಅತಿಥಿಗಳಿಗೆ ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಸಿಗುವುದೂ ಕಷ್ಟ ಉಂಟು.

ಸಂಬಳದ ಹೋರಾಟ ನಡೆದೇ ಇದೆ. 2022ರ ಜನವರಿಯವರೆಗೆ ತಿಂಗಳಿಗೆ ಸಿಗುತ್ತಿದ್ದುದು 11,000 ಅಥವಾ 13,000 ರೂಪಾಯಿ. ದೊಡ್ಡ ಮುಷ್ಕರದ ಬಳಿಕ ಸರಕಾರ ಅದನ್ನು ಅರ್ಹತೆ ಮತ್ತು ಅನುಭವ ನೋಡಿ 26,000ದಿಂದ 32,000ದವರೆಗೆ ಏರಿಸಿತು. ಜೊತೆಗೆ ವಾರಕ್ಕೆ 15 ಗಂಟೆ ಪಾಠ ಎಂದು ನಿಗದಿ ಮಾಡಿತು. ಒಬ್ಬರಿಗೆ ಗಂಟೆ ಹೆಚ್ಚಿದಾಗ ಇನ್ನೊಬ್ಬರ ಕೆಲಸ ಹೋಯಿತು. 2024ರ ಜನವರಿಯಲ್ಲಿ ಖಾಯಂ ಮಾಡಿ ಎಂದು ತುಮಕೂರಿನಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಯುಜಿಸಿ ಅರ್ಹತೆ ಇಲ್ಲದವರ ವಿಷಯ ಹೈಕೋರ್ಟಿಗೂ ಹೋಯಿತು. ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಖಾಯಂ ಶಿಕ್ಷಕರ ವೇತನ ಶ್ರೇಣಿಯ ಕನಿಷ್ಠ ಮೊತ್ತವನ್ನಾದರೂ ಕೊಡಿ ಎಂದಿತು. ಬಾಯಲ್ಲಿ ಗುರುವನ್ನು ಹೊಗಳಿದರೆ ಸಾಲದು, ನಡೆಸಿಕೊಳ್ಳುವುದರಲ್ಲಿ ಅದು ಕಾಣಬೇಕು ಎಂಬ ಅರ್ಥದ ಮಾತನ್ನೂ ಹೇಳಿತು. ಇದೆಲ್ಲ ಪತ್ರಿಕೆಗಳಲ್ಲಿ ಬಂದಿದೆ. ಈ ಬೇಡಿಕೆ ನ್ಯಾಯವಾದದ್ದು, ಅದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೆ ಆ ಹುಡುಗಿ ನಮ್ಮ ಬಳಿ ಬಂದದ್ದು ಸಂಬಳ ಕೇಳಲಿಕ್ಕಲ್ಲ, ಪಾಠ ಮಾಡಲಿಕ್ಕೆ ಬೇಕಾದ ಸಾಮಾನು ಕೇಳಲಿಕ್ಕೆ. ಈ ಎರಡನೇ ವಿಷಯದ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಮ್ಮದೇ ಉದಾಹರಣೆ ಹೇಳುತ್ತೇವೆ. ಮದ್ರಸದ ಉಸ್ತಾದರ ಸಂಬಳ ಎಷ್ಟೆಂದು ನಿಮಗೆಲ್ಲ ಗೊತ್ತು. ರಮಝಾನ್ ರಜೆ ಕಳೆದು ಅದೇ ಜಮಾಅತಿಗೆ ವಾಪಸ್ ಬರುತ್ತೇವೋ ಇಲ್ಲವೋ ನಮಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ. ಆ ಮಟ್ಟಿಗೆ ನಾವೂ ಅತಿಥಿಗಳೇ. ಆದರೂ ಮೊದಲ ದಿನ ತರಗತಿಗೆ ಹೋಗುವಾಗ ನಮ್ಮ ಕೈಯಲ್ಲಿ ಪುಸ್ತಕ ಇರುತ್ತದೆ. ಒಂದನೇ ತರಗತಿಯಿಂದ ಕೊನೆಯವರೆಗೆ ಬೋರ್ಡಿನ ಪಠ್ಯ ಉಂಟು, ಯಾವ ತಿಂಗಳಲ್ಲಿ ಎಷ್ಟು ಮುಗಿಸಬೇಕು ಎಂಬ ಲೆಕ್ಕ ಉಂಟು. ರೇಂಜ್ ಸಭೆಯಲ್ಲಿ ಸುತ್ತಲಿನ ಉಸ್ತಾದರೆಲ್ಲ ಸೇರುತ್ತೇವೆ. ಮುಫತ್ತಿಶ್ ಬರುತ್ತಾರೆ, ಮಕ್ಕಳನ್ನು ಪರೀಕ್ಷಿಸುತ್ತಾರೆ, ನಾವು ತಪ್ಪು ಮಾಡಿದ್ದರೆ ತಿದ್ದುತ್ತಾರೆ. ಹೊಸ ಉಸ್ತಾದರಿಗೆ ಹಳಬರು ಮಕ್ಕಳನ್ನು ಸುಮ್ಮನಿರಿಸುವ ಉಪಾಯದಿಂದ ಹಿಡಿದು ತಜ್‌ವೀದ್ ಹೇಳಿಕೊಡುವ ಕ್ರಮದವರೆಗೆ ಕಲಿಸುತ್ತಾರೆ. ಕೊರತೆ ಇಲ್ಲ ಎಂದಲ್ಲ, ಬೇಕಾದಷ್ಟಿದೆ. ಆದರೆ ನಾವು ಒಬ್ಬಂಟಿಯಲ್ಲ.

ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರ ಕೈಗೆ ಮೊದಲ ದಿನ ಸಿಗುವುದು ಬಹುತೇಕ ಕಡೆ ವೇಳಾಪಟ್ಟಿ ಮಾತ್ರ. ಅದೂ ಕೆಲವು ವರ್ಷ ತರಗತಿ ಶುರುವಾಗಿ ವಾರಗಳು ಕಳೆದ ಮೇಲೆ, ಯಾಕೆಂದರೆ ಆಯ್ಕೆಯೇ ತಡವಾಗುತ್ತದೆ. ಹಿಂದಿನವರು ಎಲ್ಲಿಯವರೆಗೆ ಪಾಠ ಮಾಡಿದ್ದಾರೆ ಎಂದು ಹೇಳುವವರು ಇರುವುದಿಲ್ಲ. ಅವರು ಬರೆದ ನೋಟ್ಸ್, ಪ್ರಶ್ನೆಪತ್ರಿಕೆ ಎಲ್ಲ ಅವರ ಜೊತೆಗೇ ಹೋಗಿರುತ್ತದೆ. ವರ್ಷ ವರ್ಷ ಮನುಷ್ಯ ಬದಲಾಗುವ ಕೆಲಸದಲ್ಲಿ ಹೀಗೆ ಎಲ್ಲವೂ ಪುನಃ ಸೊನ್ನೆಯಿಂದ ಶುರು.

ಇದರ ಮೇಲೆ ಪಠ್ಯಕ್ರಮದ ಬದಲಾವಣೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿಯ ಪಠ್ಯ ಪೂರ್ತಿ ಬದಲಾಯಿತು. 2024-25ರಲ್ಲಿ ಸರಕಾರ ಮತ್ತೆ ಮೂರು ವರ್ಷದ ಪದವಿಗೆ ಬಂದು ಇನ್ನೊಂದು ಪಠ್ಯಕ್ರಮ ತಂದಿತು. ನಾಲ್ಕು ವರ್ಷದೊಳಗೆ ಎರಡು ಸಲ. ಯಾವ ನೀತಿ ಸರಿ ಎಂಬ ಚರ್ಚೆಗೆ ನಾವು ಹೋಗುವುದಿಲ್ಲ. ಹೊಸ ವಿಷಯಗಳನ್ನು ತರಗತಿಯಲ್ಲಿ ಬೋಧಿಸಿದವರಲ್ಲಿ ದೊಡ್ಡ ಪಾಲು ಅತಿಥಿ ಉಪನ್ಯಾಸಕರು. ಅವರಿಗೆ ಯಾರು ತರಬೇತಿ ಕೊಟ್ಟರು? ನಾವು ಕೇಳಿದ ನಾಲ್ಕೈದು ಮಂದಿಯಲ್ಲಿ ಒಬ್ಬರಿಗೂ ಸಿಕ್ಕಿರಲಿಲ್ಲ.

ಇದರ ನಷ್ಟ ಯಾರಿಗೆ? ಸರಕಾರಿ ಪದವಿ ಕಾಲೇಜಿಗೆ ಬರುವವರು ಹೆಚ್ಚಾಗಿ ಬಡ ಮತ್ತು ಮಧ್ಯಮ ಮನೆಯ ಮಕ್ಕಳು. ದುಡ್ಡಿದ್ದವರು ಖಾಸಗಿಗೆ ಹೋಗುತ್ತಾರೆ. ಬಸ್ ಇಳಿದು ನಡೆದು ಹೋಗುವಷ್ಟು ದೂರದಲ್ಲಿ ಸರಕಾರಿ ಕಾಲೇಜು ಇರುವ ಕಾರಣಕ್ಕೇ ನಮ್ಮ ಎಷ್ಟೋ ಹೆಣ್ಣುಮಕ್ಕಳು ಪಿಯುಸಿ ಕಳೆದು ಮುಂದೆ ಓದುತ್ತಿದ್ದಾರೆ. ಅವರ ಮನೆಯಲ್ಲಿ ಟ್ಯೂಷನ್ ಇಲ್ಲ, ಕಲಿಸಲಿಕ್ಕೆ ಓದಿದ ಅಣ್ಣ ಇಲ್ಲ. ತರಗತಿಯಲ್ಲಿ ಸಿಕ್ಕಿದ್ದೇ ಸಿಕ್ಕಿತು. ಕಲಿಸುವವರ ಕೈ ಖಾಲಿ ಇದ್ದರೆ ಆ ಮಗು ಬರಿಗೈಯಲ್ಲಿ ಮನೆಗೆ ಬರುತ್ತದೆ.

ಕೆಲವರು ಹೇಳಬಹುದು, ಖಾಯಂ ಮಾಡಿದರೆ ಎಲ್ಲ ಸರಿಯಾಗುತ್ತದೆ, ಈ ಸಣ್ಣ ಸಣ್ಣ ಸೌಲಭ್ಯ ಕೇಳಿದರೆ ಸರಕಾರ ದೊಡ್ಡ ಬೇಡಿಕೆಯಿಂದ ಜಾರಿಕೊಳ್ಳುತ್ತದೆ ಎಂದು. ಮಾತಿನಲ್ಲಿ ಅರ್ಥ ಉಂಟು. ಮಂಜೂರಾದ ಹುದ್ದೆಗಳಿಗಿಂತ ಹೆಚ್ಚುವರಿಯಾಗಿ ತೆಗೆದುಕೊಳ್ಳುವ ಅತಿಥಿ ಶಿಕ್ಷಕರು ಆ ಹುದ್ದೆಗಳ ಶೇ. 20ನ್ನು ಮೀರಬಾರದು ಎಂದು ಯುಜಿಸಿ 2019ರಲ್ಲೇ ಹೇಳಿದೆ. ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದೂ ಹೇಳಿದೆ. ಅದನ್ನು ಕೇಳುವುದು ಬಿಡಬಾರದು. ಆದರೆ ಕೋರ್ಟು, ಸರಕಾರ, ನೇಮಕಾತಿ ಎಂದು ವರ್ಷಗಳು ಹೋಗುತ್ತವೆ. ಈ ವರ್ಷ ಮೊದಲ ಬಿ.ಎ.ಯಲ್ಲಿರುವ ಹುಡುಗಿ ಅಷ್ಟು ಕಾಯಲಾರಳು. ಖಾಯಂ ಆಗುವವರೆಗೆ ಪ್ರಿಂಟರಿನ ಬೀಗ ತೆಗೆಯಬಾರದು ಎಂದು ಎಲ್ಲಿಯೂ ನಿಯಮ ಇಲ್ಲವಲ್ಲ.

ಕಾಲೇಜುಗಳು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದದ್ದು ಬಹಳ ಉಂಟು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯಲ್ಲಿ ಸಾವಿರಾರು ನಿಯತಕಾಲಿಕೆ, ಲಕ್ಷಕ್ಕೂ ಹೆಚ್ಚು ಇ-ಪುಸ್ತಕ ಓದಲು ಸಿಗುತ್ತದೆ. ಸದಸ್ಯತ್ವ ಕಾಲೇಜಿನ ಹೆಸರಿನಲ್ಲಿರುತ್ತದೆ, ಓದುವವರಿಗೆ ಬೇರೆ ಬೇರೆ ಪಾಸ್‌ವರ್ಡ್ ಕೊಡುತ್ತಾರೆ. ಲೈಬ್ರರಿಯವರು ಅತಿಥಿ ಉಪನ್ಯಾಸಕರ ಹೆಸರನ್ನೂ ಆ ಪಟ್ಟಿಗೆ ಸೇರಿಸಬೇಕು. ಈ ಬಗ್ಗೆ ಕೇಳಿದರೆ ನಮ್ಮ ವಿದ್ಯಾರ್ಥಿನಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ಪಾಠ ಯೋಜನೆ, ನೋಟ್ಸ್ ಎಲ್ಲವನ್ನೂ ವಿಭಾಗದಲ್ಲಿ ಒಂದು ಕಡೆ ಇಟ್ಟರೆ ಮುಂದಿನವರಿಗೆ ದಾರಿ ಸಿಗುತ್ತದೆ. ಹಿರಿಯ ಪ್ರಾಧ್ಯಾಪಕರು ತಿಂಗಳಿಗೊಮ್ಮೆ ಹೊಸಬರ ಪಾಠ ಕೇಳಿ ಸಲಹೆ ಕೊಡಬಹುದು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಮಾಳವೀಯ ಮಿಷನ್ ಶಿಕ್ಷಕರ ತರಬೇತಿಗೆ ಇವರನ್ನೂ ಕಳುಹಿಸಬೇಕು, ಆ ದಿನಗಳ ಗೌರವಧನ ಕಡಿಯಬಾರದು.

ಅತಿಥಿ ಉಪನ್ಯಾಸಕರಿಗೂ ಒಂದು ಮಾತು. ಇ-ಪಿಜಿ ಪಾಠಶಾಲಾದಲ್ಲಿ ಎಂ.ಎ. ಮಟ್ಟದ ಪಾಠಗಳು ವಿಷಯವಾರು ಉಚಿತವಾಗಿ ಇವೆ. ಖರಗ್‌ಪುರ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ ಇದೆ. ಸ್ವಯಂನಲ್ಲಿ ಕೋರ್ಸ್ ಕಲಿಯಲು ಹಣ ಬೇಡ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಹೆಚ್ಚಿನದು ಇಂಗ್ಲಿಷಿನಲ್ಲಿದೆ ಎಂಬುದು ನಿಜ. ಹಾಗಾಗಿ ಒಂದೇ ವಿಷಯ ಬೋಧಿಸುವ ನಾಲ್ಕು ಕಾಲೇಜಿನವರು ಸೇರಿ ಘಟಕಗಳನ್ನು ಹಂಚಿಕೊಂಡು ಕನ್ನಡ ನೋಟ್ಸ್ ಮಾಡಿದರೆ ಒಬ್ಬೊಬ್ಬರ ಅರುವತ್ತು ಪುಟ ಹದಿನೈದಕ್ಕೆ ಇಳಿಯುತ್ತದೆ. ನಮ್ಮ ರೇಂಜಿನ ಹಾಗೆ.

ಇನ್ನು ನಮ್ಮ ಮನೆ, ನಮ್ಮ ಜಮಾಅತುಗಳ ಪಾಲು. ನಮ್ಮಲ್ಲಿ ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳಿವೆ, ಗಲ್ಫಿನಿಂದ ಸಹಾಯ ಮಾಡುವ ಸಂಘಟನೆಗಳಿವೆ. ರ್‍ಯಾಂಕ್ ಬಂದ ಮಕ್ಕಳಿಗೆ ಸನ್ಮಾನ ಮಾಡುತ್ತೇವೆ. ಕಲಿಸುವವರ ಕಡೆ ನೋಡುವುದಿಲ್ಲ. ಎನ್‌ಇಟಿ ಅಥವಾ ಕೆ-ಸೆಟ್‌ನಂಥ ಅರ್ಹತೆ ಇಲ್ಲದಿದ್ದರೆ ಈ ಕೆಲಸವೇ ಹೋಗುವ ಕಾಲ ಬಂದಿದೆ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಎನ್‌ಇಟಿಯಲ್ಲಿ ವಯಸ್ಸಿನ ಮಿತಿ ಇಲ್ಲ. ಅರಬಿ ಕೂಡ ಅದರಲ್ಲಿ ಒಂದು ವಿಷಯ. ಅಲ್ಪಸಂಖ್ಯಾತ ಸಂಶೋಧಕರಿಗೆ ಸಿಗುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದ ಮೇಲೆ ಈ ಪರೀಕ್ಷೆಯ ಬೆಲೆ ಇನ್ನೂ ಹೆಚ್ಚಿದೆ. ಒಂದು ತಾಲೂಕಿಗೆ ಒಂದು ರವಿವಾರದ ತರಬೇತಿ ತರಗತಿ ಮಾಡಲು ನಮ್ಮ ಸಭಾಂಗಣಗಳು ಸಾಲದೇ? ಮದುವೆ ಇಲ್ಲದ ದಿನ ಅವು ಖಾಲಿಯೇ ಇರುತ್ತವೆ. ಇದನ್ನು ನಮ್ಮವರಿಗೆ ಮಾತ್ರ ಎಂದು ಮಾಡುವುದೂ ಬೇಡ. ನಮ್ಮ ಮಕ್ಕಳಿಗೆ ಕಲಿಸುವವರು ಎಲ್ಲ ಸಮುದಾಯದವರು.

ಮತ್ತೆ ಮನೆಯ ಮಾತು. ಮಗಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ ಎಂದರೆ ನೆಂಟರು ಮೊದಲು ಕೇಳುವುದು, "ಖಾಯಮ್ಮಾ, ಗೆಸ್ಟಾ?" ಗೆಸ್ಟ್ ಎಂದರೆ ಮುಖ ಸಣ್ಣ ಮಾಡುತ್ತಾರೆ. ಆ ಪ್ರಶ್ನೆ ಕೇಳುವ ಮೊದಲು ಅವಳಿಗೆ ಮನೆಯಲ್ಲಿ ಕೂತು ಓದಲು ಒಂದು ಮೇಜು, ಎರಡು ಗಂಟೆ ಬಿಡುವು ಕೊಟ್ಟಿದ್ದೇವಾ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಕಾಲೇಜಿನ ಕುರ್ಚಿಯ ವಿಷಯ ಆಮೇಲೆ ಮಾತಾಡುವ.

ಆ ದಿನ ಅರುವತ್ತು ಪುಟ ತೆಗೆದು ಮುಗಿಯುವಾಗ ಇಶಾ ಬಾಂಗ್ ಆಯಿತು. ಅವಳು ತಂದ ಕಾಗದ ನಾವು ವಾಪಸ್ ಕೊಟ್ಟೆವು, ಮದ್ರಸದ್ದೇ ಬಳಸಿದೆವು. ಮರುದಿನ ಕಮಿಟಿಯ ಅಧ್ಯಕ್ಷರಿಗೆ ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ಬಂದರೆ ಕೇಳುವುದು ಬೇಡ ಉಸ್ತಾದ್, ತೆಗೆದುಕೊಡಿ" ಅಂದರು. ಅವಳ ತರಗತಿಯಲ್ಲಿ ನಲುವತ್ತೆರಡು ಮಕ್ಕಳಿದ್ದಾರಂತೆ. ಆ ಒಂದು ಪ್ರತಿಯನ್ನು ಅವರು ಅಂಗಡಿಯಲ್ಲಿ ಜೆರಾಕ್ಸ್ ಮಾಡಿಕೊಂಡು ಓದುತ್ತಿದ್ದಾರೆ.